ಪೆವಿಲಿಯನ್ನಿನ ಹಿಂದಿನ ಕೋಣೆ

ಸೀತಾರಾಮರಾಯರು ಬರೋಡಾಕ್ಕೆ ಬಂದದ್ದು ರೈಲ್ವೆ ವರ್ಕ್‌ಶಾಪಿನ ಫೋರ್‌ಮನ್ ಆಗಿ. ಮೈಸೂರಿನಲ್ಲಿ ಹುಡುಗರಾಗಿದ್ದಾಗ ಅವರಿಗೆ ಸೈಕಲ್ ರೇಸಿನ ಹುಚ್ಚು ಹಿಡಿದಿತ್ತು. ಹುಚ್ಚು ಎಷ್ಟಿದ್ದರೂ ಒಂದು ಸಲವೂ ಮೊದಲು ಬಂದವರಲ್ಲ. ಕೊನೆಯ ತಿರುವಿನವರೆಗೆ ಮುಂದಿರುತ್ತಿದ್ದರು. ಅಲ್ಲಿಂದಾಚೆ ಯಾರಾದರೊಬ್ಬ ಪಕ್ಕದಿಂದ ಸರಕ್ಕನೆ ಹಾದುಹೋಗುತ್ತಿದ್ದ. ಮದುವೆಯಾಗಿ, ಗುಜರಾತಿಗೆ ವರ್ಗವಾಗಿ, ತಲೆ ಅರ್ಧ ನರೆತ ಮೇಲೂ ಆ ಹಾದುಹೋಗುವ ಚಕ್ರದ ಸದ್ದು ಅವರ ಕಿವಿಯಿಂದ ಹೋಗಿರಲಿಲ್ಲ.

ಅವರ ಒಬ್ಬಳೇ ಮಗಳು ಊರ್ಮಿಳಾ. ಎಂ.ಎಸ್‌ಸಿ. ಓದುತ್ತಿದ್ದಳು. ಪ್ರತಾಪನಗರದ ಕ್ವಾರ್ಟರ್ಸಿನಿಂದ ಯೂನಿವರ್ಸಿಟಿಗೆ ದಿನವೂ ಸೈಕಲ್ಲಿನಲ್ಲೇ ಹೋಗಿ ಬರುವವಳು. ಗೆಳತಿಯರು ಹೆಸರು ಕೊಟ್ಟರೆಂದು ಒಮ್ಮೆ ಕಾಲೇಜಿನ ರೇಸಿಗೆ ಇಳಿದಳು, ಗೆದ್ದಳು. ಆಮೇಲೆ ಜಿಲ್ಲೆಯ ಮಟ್ಟದಲ್ಲಿ ಗೆದ್ದಳು. ಅದರಾಚೆ ಸೂರತ್‌ನ ಹಂಸಾ ಎಂಬ ಹುಡುಗಿಯ ಎದುರು ಸೋತಳು, ಅದೂ ಕೊನೆಯ ತಿರುವು ದಾಟಿದ ಮೇಲೆ.

ಅಂದು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕೇಳಿದಳು: "ಅಪ್ಪ, ಅವಳು ನನ್ನ ಪಕ್ಕದಲ್ಲೇ ಇದ್ದಳು. ಆಮೇಲೆ ಇರಲೇ ಇಲ್ಲ. ನನ್ನಲ್ಲಿ ಏನು ಕಮ್ಮಿ?"

ಆ ಪ್ರಶ್ನೆಯನ್ನು ರಾಯರು ಇಪ್ಪತ್ತರ ವಯಸ್ಸಿನಲ್ಲಿ ತಮ್ಮನ್ನೇ ಕೇಳಿಕೊಂಡಿದ್ದರು.

"ಕಾಲಿನಲ್ಲಿ ಬಲ ಕಮ್ಮಿ ಕಣೆ," ಎಂದರು. "ದಣಿಯದೆ ತುಳಿಯೋದಕ್ಕೆ ಬೇಕಾದ ಬಲ ಇದೆ ನಿನಗೆ. ಒಂದೇ ಏಟಿಗೆ ಸೈಕಲ್ಲನ್ನ ಮುಂದಕ್ಕೆ ಎಸೆಯೋ ಬಲ ಇಲ್ಲ."

ಭಾರ ಎತ್ತಿದರೆ ಸ್ನಾಯು ಗಂಟುಕಟ್ಟುತ್ತದೆ, ವೇಗ ಸತ್ತುಹೋಗುತ್ತದೆ ಎಂದೇ ಆಗ ಎಲ್ಲರೂ ನಂಬಿದ್ದರು. ರಾಯರಿಗೆ ಅದರ ಮೇಲೆ ಅನುಮಾನ ಹುಟ್ಟಿದ್ದು ಒಂದು ದಿನ ಸ್ಟೇಷನ್ನಿನಲ್ಲಿ. ರೈಲ್ವೆಯ ಭಾರ ಎತ್ತುವ ಸ್ಪರ್ಧೆಯ ತಂಡದ ಒಬ್ಬ ಗಟ್ಟಿ ಆಳು, ಮೆಟ್ಟಿಲಿನವರೆಗೆ ಹೋಗಲು ಬೇಸರವಾಗಿ, ಹಳಿಯ ಮೇಲೆ ನಿಂತಲ್ಲಿಂದಲೇ ಪ್ಲಾಟ್‌ಫಾರಮ್ಮಿಗೆ ನೆಗೆದಿದ್ದ. ಅಷ್ಟು ದಪ್ಪ ತೊಡೆಯ ಮನುಷ್ಯ ಬೆಕ್ಕಿನ ಹಾಗೆ ಮೇಲೆ ಬಂದು ನಿಂತದ್ದನ್ನು ರಾಯರು ಮರೆತಿರಲಿಲ್ಲ. ಗಂಟುಕಟ್ಟಿದ ಕಾಲು ಹಾಗೆ ನೆಗೆಯುತ್ತದೆಯೇ?

ಊರಿನಲ್ಲಿ ಮುಚ್ಚಿಹೋದ ಒಂದು ಗರಡಿಯಿಂದ ಕಬ್ಬಿಣದ ಸರಳನ್ನೂ ಎರಕದ ಬಿಲ್ಲೆಗಳನ್ನೂ ಕೊಂಡು ತಂದು ಹಿತ್ತಿಲ ಜಗಲಿಯಲ್ಲಿ ಇಟ್ಟರು. ಬೆಳಿಗ್ಗೆ ಊರ್ಮಿಳಾ ಆ ಸರಳನ್ನು ಭುಜದ ಮೇಲೆ ಹೊತ್ತು ಬಸ್ಕಿ ಹೊಡೆಯುವಳು. ಗರಡಿಯವರ ಹಾಗೆ ನೂರಾರು ಬಸ್ಕಿ ಬೇಡ ಎಂದಿದ್ದರು ರಾಯರು. ಭಾರ ಹೆಚ್ಚಿರಬೇಕು, ಬಸ್ಕಿ ಕಡಿಮೆ ಇರಬೇಕು. ನಿಧಾನವಾಗಿ ಕೂರಬೇಕು, ಸಿಡಿದು ಏಳಬೇಕು. ನಡುವೆ ಉಸಿರು ಪೂರ್ತಿ ಸಮವಾಗುವವರೆಗೆ ಸುಮ್ಮನೆ ಕೂತಿರಬೇಕು. ಸಂಜೆ ರೈಲ್ವೆ ಓವರ್‌ಬ್ರಿಜ್ಜಿನ ಬುಡದಲ್ಲಿ ಸೈಕಲ್ಲನ್ನು ರಾಯರು ಹಿಂದಿನಿಂದ ಹಿಡಿದುಕೊಳ್ಳುವರು. "ಹೂಂ" ಎಂದು ಬಿಟ್ಟಕೂಡಲೆ ಅವಳು ಸೀಟಿನಿಂದೆದ್ದು ನಿಂತು, ದೊಡ್ಡ ಗೇರಿನಲ್ಲಿ ಏರನ್ನು ತುಳಿದು ಹತ್ತುವಳು. ಮೊದಮೊದಲು ಚಕ್ರ ಅಲುಗುವುದಕ್ಕೇ ಹಟ ಮಾಡುತ್ತಿತ್ತು. ಮಳೆಗಾಲ ಮುಗಿದು ನವರಾತ್ರಿಯ ಗರ್ಬಾ ಶುರುವಾಗುವ ಹೊತ್ತಿಗೆ ರಾಯರು ಕೈ ಬಿಟ್ಟೊಡನೆ ಸೈಕಲ್ ಅವರ ಬೆರಳಿನಿಂದ ಕಿತ್ತುಕೊಂಡು ಹೋಗುತ್ತಿತ್ತು. ಊರ್ಮಿಳಾ ಮೇಲಿನಿಂದ ಕೂಗುವಳು: "ಅಪ್ಪ! ಇವತ್ತು ಹಗುರ ಅನ್ನಿಸ್ತು!"

ತಾಯಿ ನಾಗವೇಣಿಗೆ ಇದು ಹಿಡಿಸಿರಲಿಲ್ಲ. ಹಿಂದಿನ ದೀಪಾವಳಿಗೆ ಹೊಲಿಸಿದ ಸಲ್ವಾರು ಮಗಳ ತೊಡೆಗೆ ಏರಲಿಲ್ಲ. ಕುಪ್ಪಸದ ತೋಳು ಬಿಗಿಯಿತು.

"ಮದುವೆಗೆ ಬಂದ ಹುಡುಗಿ," ಎಂದರು ಗಂಡನಿಗೆ. "ನೋಡೋಕೆ ಬಂದವರ ಮುಂದೆ ಈ ಕಬ್ಬಿಣಾನೂ ತಂದಿಡ್ತೀರಾ?"

ರಾಯರು ನಕ್ಕುಬಿಟ್ಟರು. ಆದರೆ ಮುಂದಿನ ಭಾನುವಾರ ಬ್ಯಾಂಕಿನ ಪಟ್ಟಾಭಿರಾಮ ಸಂಸಾರ ಸಮೇತ ಕಾಫಿಗೆ ಬಂದರು. ಊರಿನಲ್ಲಿದ್ದ ಕೆಲವೇ ಕನ್ನಡದ ಮನೆಗಳಲ್ಲಿ ಅವರದೊಂದು. ಹಿತ್ತಿಲಿಗೆ ಕೈ ತೊಳೆಯಲು ಹೋದ ಪಟ್ಟಾಭಿರಾಮ ಸರಳನ್ನು ನೋಡಿ, "ಏನ್ ಸ್ವಾಮಿ, ಯಾರದು ಈ ಸಾಮು?" ಎಂದು ಕೇಳಿದರು.

"ನಂದೇ," ಎಂದರು ರಾಯರು. "ಸೊಂಟನೋವಿಗೆ ಡಾಕ್ಟರು ಹೇಳಿದ್ರು."

ಒಳಗೆ ಕಾಫಿಯ ತಟ್ಟೆ ಹಿಡಿದು ನಿಂತಿದ್ದ ಊರ್ಮಿಳಾ ಅದನ್ನು ಕೇಳಿಸಿಕೊಂಡಳು. ಅತಿಥಿಗಳು ಹೋದ ಮೇಲೆ, "ಸೊಂಟ ಹೇಗಿದೆ ಅಪ್ಪ?" ಎಂದು ಛೇಡಿಸಿದಳು. ರಾಯರೂ ನಕ್ಕರು. ಆದರೂ ಒಳಗೆಲ್ಲೋ ಒಂದು ಮುಳ್ಳು ಚುಚ್ಚಿತು. ಅದನ್ನು ಅವರು ಅಂದೇ ತಳ್ಳಿಹಾಕಿದರು.

ಚಳಿ ಇಳಿಯುವ ದಿನಗಳಲ್ಲಿ ಅಹಮದಾಬಾದಿನಲ್ಲಿ ರಾಜ್ಯಮಟ್ಟದ ಪಂದ್ಯ ಏರ್ಪಾಡಾಯಿತು. ತಂದೆ ಮಗಳು ಬೆಳಗಿನ ರೈಲು ಹಿಡಿದರು. ಬ್ರೇಕಿಲ್ಲದ ರೇಸಿನ ಸೈಕಲ್ಲು ಗಾರ್ಡಿನ ಡಬ್ಬಿಯಲ್ಲಿ, ಬುತ್ತಿ ಊರ್ಮಿಳಾಳ ಮಡಿಲಲ್ಲಿ. ಮೈದಾನದ ಸುತ್ತ ಮಣ್ಣಿನ ಟ್ರ್ಯಾಕು. ಒಂದು ಬದಿಗೆ ಹೆಂಚಿನ ಪೆವಿಲಿಯನ್ನು, ಅದರ ಹಿಂದೆ ಸಾಮಾನಿಡುವ ಕೋಣೆಗಳ ಸಾಲು. ರಜೆಯ ದಿನ; ಮಿಲ್ಲಿನ ಕೆಲಸಗಾರರು ಮಕ್ಕಳು ಮರಿ ಕಟ್ಟಿಕೊಂಡು ಬಂದಿದ್ದರು.

ಹೆಂಗಸರ ಸ್ಪ್ರಿಂಟಿನ ಫೈನಲ್ಲಿಗೆ ಉಳಿದವರು ಇಬ್ಬರೇ, ಹಂಸಾ ಮತ್ತು ಊರ್ಮಿಳಾ. ಇಬ್ಬರೇ ಓಡಿಸುವ ಸ್ಪ್ರಿಂಟಿನಲ್ಲಿ ಮೊದಲ ಸುತ್ತು ನಡಿಗೆಯಷ್ಟೇ ನಿಧಾನ. ಒಬ್ಬಳನ್ನೊಬ್ಬಳು ಓರೆಗಣ್ಣಿನಿಂದ ಕಾಯುತ್ತ, ಯಾರು ಮೊದಲು ಜಿಗಿಯುತ್ತಾರೆಂದು ನೋಡುತ್ತ ಹೋಗಬೇಕು. ಜನ ಸಿಳ್ಳೆ ಹಾಕಿದರು. ಕೊನೆಯ ತಿರುವಿಗೆ ಬರುತ್ತಿದ್ದಂತೆ ಹಂಸಾ ಒಳಬದಿಯಿಂದ ನುಗ್ಗಿದಳು. ಆಗ ಊರ್ಮಿಳಾ ಸೀಟಿನಿಂದೆದ್ದಳು. ಸೈಕಲ್ಲಿನ ಮುಂದಿನ ಚಕ್ರ ನೆಲ ಬಿಟ್ಟಿತೇನೋ ಎಂಬಂತೆ ತುಳಿತ ಬಿತ್ತು. ಮಣ್ಣು ಹಿಂದಕ್ಕೆ ಚಿಮ್ಮಿತು. ಹಂಸಾಳನ್ನು ಹಿಡಿದಳು, ದಾಟಿದಳು, ದಾಟಿ ಇನ್ನೂ ದೂರ ಹೋದಳು. ಗೆರೆ ಮುಟ್ಟುವಾಗ ಇಬ್ಬರ ನಡುವೆ ಒಂದು ಎತ್ತಿನ ಗಾಡಿ ನಿಲ್ಲಿಸುವಷ್ಟು ಜಾಗವಿತ್ತು.

ರಾಯರು ಟೋಪಿ ತೆಗೆದು ಗಾಳಿಯಲ್ಲಿ ಆಡಿಸಿದರು. ಮೂವತ್ತು ವರ್ಷ ತಮ್ಮ ಕಿವಿಯಲ್ಲಿದ್ದ ಸದ್ದು ಆಗ ನಿಂತುಹೋಯಿತು ಎಂದುಕೊಂಡರು.

ಸೂರತ್ ತಂಡದ ಮ್ಯಾನೇಜರ್ ಠಾಕೋರ್‌ಭಾಯಿ ನೇರವಾಗಿ ಪಂದ್ಯದ ಸೆಕ್ರೆಟರಿಯ ಮೇಜಿಗೆ ನಡೆದ. ಆತನ ದನಿ ಮೈಕಿಲ್ಲದೆಯೇ ಅರ್ಧ ಮೈದಾನಕ್ಕೆ ಕೇಳಿಸಿತು.

"ಆ ಛೋಕರೀ ನಥೀ!" ಇದು ಹುಡುಗಿಯೇ ಅಲ್ಲ. "ಅದರ ಕಾಲು ನೋಡಿ, ಭುಜ ನೋಡಿ. ಯಾವ ಹುಡುಗಿ ಹೀಗೆ ಓಡಿಸ್ತಾಳೆ? ನಾನು ದೂರು ಕೊಡ್ತೀನಿ."

ಜನ ಸುತ್ತ ಸೇರಿದರು. ಊರ್ಮಿಳಾ ಸೈಕಲ್ ಹಿಡಿದು ಬೆವರೊರೆಸಿಕೊಳ್ಳುತ್ತ ಬಂದವಳು ಅಲ್ಲೇ ನಿಂತಳು. ತನ್ನ ಕಾಲಿನ ಕಡೆಗೆ ಇಷ್ಟೊಂದು ಕಣ್ಣು ತಿರುಗಿದ್ದನ್ನು ಕಂಡು ಸೈಕಲ್ಲನ್ನು ಮುಂದಕ್ಕೆ ಎಳೆದು ಅಡ್ಡ ಇಟ್ಟುಕೊಂಡಳು.

ಸೆಕ್ರೆಟರಿ ಸಭ್ಯ ಮನುಷ್ಯ. ರಾಯರನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ಹೊರದೇಶಗಳ ಪಂದ್ಯಗಳಲ್ಲೂ ಈಗ ಹೆಂಗಸರನ್ನು ಡಾಕ್ಟರು ನೋಡುತ್ತಾರಂತೆ. ಇಲ್ಲೊಬ್ಬ ಲೇಡಿ ಡಾಕ್ಟರು ಇದ್ದಾರೆ, ಹಿಂದೆ ಕೋಣೆಯಿದೆ. ಒಪ್ಪಿದರೆ ಈಗಲೇ ಮುಗಿಯುತ್ತದೆ. ಒಪ್ಪದಿದ್ದರೆ ಫಲಿತಾಂಶ ತಡೆಹಿಡಿಯಬೇಕಾಗುತ್ತದೆ, ಗೆದ್ದವರ ಕಪ್ಪು ಸೂರತ್‌ಗೆ ಹೋದರೂ ಹೋಗಬಹುದು.

ರಾಯರಿಗೆ ಆ ಗಳಿಗೆಯಲ್ಲಿ ಕಂಡದ್ದು ಮೇಜಿನ ಮೇಲಿದ್ದ ಕಪ್ಪು. ಅದರ ಹೊಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಮತ್ತೆ ಕೊನೆಯ ತಿರುವಿನಾಚೆ ಯಾರೋ ಹಾದುಹೋಗುತ್ತಿದ್ದಾರೆ ಅನ್ನಿಸಿತು.

"ನೋಡಲಿ," ಎಂದರು. "ನಮಗೇನು ಭಯ?"

ಅಷ್ಟು ಹೇಳಿದ ಮೇಲೆ ಮಗಳತ್ತ ತಿರುಗಿದರು. ಊರ್ಮಿಳಾ ಅವರನ್ನೇ ನೋಡುತ್ತಿದ್ದಳು. ಕೋಪವಿರಲಿಲ್ಲ ಆ ಮುಖದಲ್ಲಿ. ಅಪ್ಪ ಇನ್ನೂ ಏನೋ ಹೇಳುತ್ತಾರೆಂದು, ನಡಿ ಮನೆಗೆ ಹೋಗೋಣ ಎನ್ನುತ್ತಾರೆಂದು ಕಾಯುತ್ತಿದ್ದಳು.

"ಎರಡು ನಿಮಿಷದ ಕೆಲಸ ಕಣೆ," ಎಂದರು ರಾಯರು. "ಹೋಗಿ ಬಾ. ಅವರ ಬಾಯಿ ಮುಚ್ಚಿಸಿದ ಹಾಗಾಗುತ್ತೆ."

ಅವಳು ಸೈಕಲ್ಲನ್ನು ಅವರ ಕೈಗೆ ಕೊಟ್ಟು, ಬಿಳಿ ಸೀರೆಯ ಡಾಕ್ಟರಮ್ಮನ ಹಿಂದೆ ಪೆವಿಲಿಯನ್ನಿನ ಮರೆಗೆ ಹೋದಳು. ಸಾಲಿನ ಕೊನೆಯ ಕೋಣೆಯ ಬಾಗಿಲು ಮುಚ್ಚಿತು.

ಹುಡುಗರ ಒಂದು ಗುಂಪು ಆ ಕೋಣೆಯ ಕಿಟಕಿಯ ಕಡೆಗೆ ನಗುತ್ತ ಹೊರಟಿತು. ರಾಯರು ಸೈಕಲ್ ಹಿಡಿದು ಪೆವಿಲಿಯನ್ನಿನ ಮೂಲೆಯಲ್ಲಿ ನಿಂತೇ ಇದ್ದರು. ಹುಡುಗರಿಗಿಂತ ಮೊದಲು ಅಲ್ಲಿಗೆ ಓಡಿದವಳು ಹಂಸಾ. ಆಗ ತಾನೇ ಸೋತವಳು, ಇನ್ನೂ ಏದುಸಿರು ಬಿಡುತ್ತಿದ್ದವಳು, ತನ್ನ ತಂಡದ ದೊಡ್ಡ ಟವೆಲ್ಲನ್ನು ಕಿಟಕಿಯ ಸರಳುಗಳಿಗೆ ಅಡ್ಡಲಾಗಿ ಹಿಡಿದು ನಿಂತಳು. ಹುಡುಗರಿಗೆ ಸೂರತ್‌ನ ಬೈಗಳು ಬೈದಳು. ಠಾಕೋರ್‌ಭಾಯಿ ಕರೆದರೆ, "ನಾನು ಸೋತಿದ್ದೀನಿ. ನಿಮಗ್ಯಾಕೆ ಗೊತ್ತಾಗಲ್ಲ?" ಎಂದು ಅಲ್ಲಿಂದಲೇ ಕಿರುಚಿದಳು. ಬಾಗಿಲು ತೆರೆಯುವವರೆಗೂ ಅವಳ ಕೈ ಇಳಿಯಲಿಲ್ಲ.

ಅವಳನ್ನು ನೋಡುತ್ತ ನೋಡುತ್ತ ರಾಯರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು. ಹೋಗಿ ಬಾಗಿಲು ಬಡಿದು, ಬೇಡ, ಸಾಕು ಎನ್ನಬೇಕೆನ್ನಿಸಿತು. ಎಲ್ಲರೂ ನೋಡುತ್ತಿದ್ದರು. ಬಡಿಯಲಿಲ್ಲ.

ಡಾಕ್ಟರಮ್ಮ ಮೊದಲು ಹೊರಗೆ ಬಂದರು. ಅವರ ಮುಖ ಗಂಟಿಕ್ಕಿತ್ತು.

"ನೀವೇನಾ ತಂದೆ?" ಎಂದು ಹಿಂದಿಯಲ್ಲಿ ಕೇಳಿದರು. "ಆಗಲ್ಲ ಅಂತ ನೀವು ಹೇಳಬಹುದಿತ್ತು." ಮತ್ತೆ, "ನಾನೂ ಹೇಳಬಹುದಿತ್ತು," ಎಂದು ಹೊರಟುಹೋದರು.

ಊರ್ಮಿಳಾ ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡು ಬಂದಳು. ಹಂಸಾ ಏನೋ ಹೇಳಿ ಅವಳ ಹೆಗಲಿಗೆ ಟವೆಲ್ಲು ಹೊದಿಸಿದಳು. ಅಷ್ಟರಲ್ಲಿ ಮೈಕು ಕರಕರ ಎಂದಿತು. ಡಾಕ್ಟರು ಪರೀಕ್ಷೆ ಮಾಡಿ ಖಾತರಿಪಡಿಸಿದ್ದಾರೆ, ಬರೋಡಾದ ಕುಮಾರಿ ಊರ್ಮಿಳಾ ಹೆಣ್ಣೇ ಹೌದು, ಆದ್ದರಿಂದ ಮೊದಲ ಸ್ಥಾನ ಅವರದೇ ಎಂದು ಸಾರಿತು. ಮೈದಾನವೆಲ್ಲ ಚಪ್ಪಾಳೆ ತಟ್ಟಿತು. ಚಪ್ಪಾಳೆಯೊಳಗೇ ನಗೆಯೂ ಇತ್ತು. ರಾಯರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಊರ್ಮಿಳಾ ನೆಟ್ಟಗೆ ನಡೆದುಹೋಗಿ ಕಪ್ಪು ಇಸಿದುಕೊಂಡಳು. ತಂದು ಅಪ್ಪನ ಕೈಗೆ ಕೊಟ್ಟಳು.

"ತಗೊಳ್ಳಿ," ಎಂದಳು. ಯಾವಾಗಲೂ 'ತಗೋ ಅಪ್ಪ' ಎನ್ನುವ ಹುಡುಗಿ.

ವಾಪಸು ರೈಲಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ. ನಡಿಯಾದ್ ದಾಟಿತು, ಆಣಂದ್ ದಾಟಿತು. ಎದುರು ಸೀಟಿನ ಮುದುಕ ಕಪ್ಪನ್ನು ನೋಡಿ, "ಯಾರು ಗೆದ್ದದ್ದು?" ಎಂದು ಕೇಳಿದ. ರಾಯರು ಕಪ್ಪನ್ನು ಸೀಟಿನ ಕೆಳಗೆ ಸರಿಸಿದರು.

ಮನೆಯಲ್ಲಿ ಊರ್ಮಿಳಾ ನೇರ ಅಡಿಗೆಮನೆಗೆ ಹೋದಳು. ತಾಯಿ ಮಗಳ ಮಾತು ಬಹಳ ಹೊತ್ತು ನಡೆಯಿತು. ಅಳುವಿನ ಸದ್ದು ಕೇಳಿಸಿತು, ಯಾರದೆಂದು ಹೊರಗೆ ಕೂತ ರಾಯರಿಗೆ ತಿಳಿಯಲಿಲ್ಲ. ಆಮೇಲೆ ನಾಗವೇಣಿ ಬಂದು ಎದುರಿಗೆ ನಿಂತರು. ಕಬ್ಬಿಣ ಹೊರಿಸಿದ್ದರಿಂದಲೇ ಹೀಗಾಯಿತು ಎನ್ನುತ್ತಾಳೆ ಎಂದು ರಾಯರು ಕಾದರು. ಹಾಗೆಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹೆತ್ತೋಳು ನಾನಿದ್ದೆ," ಎಂದರು ನಾಗವೇಣಿ. "ಹೆಣ್ಣೋ ಗಂಡೋ ಅಂತ ನನ್ನನ್ನ ಕೇಳೋಕೆ ಹೇಳಬಹುದಿತ್ತಲ್ಲ ಅವರಿಗೆ. ನೀವು ಜೊತೇಲಿ ಹೋಗಿದ್ದು ಯಾತಕ್ಕೆ?"

ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಸದ್ದಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸಂಜೆ ರಾಯರು ಓವರ್‌ಬ್ರಿಜ್ಜಿನ ಬುಡಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. ಸುದ್ದಿ ವರ್ಕ್‌ಶಾಪಿಗೂ ಮುಟ್ಟಿತು. ಎದುರಿಗೆ ಶಹಭಾಸ್ ಎಂದವರು ಬೆನ್ನು ತಿರುಗಿದ ಮೇಲೆ ಪಿಸುಗುಟ್ಟುವರು. ಪಟ್ಟಾಭಿರಾಮ ಅಭಿನಂದಿಸಲೆಂದು ಬಂದು, ದನಿ ತಗ್ಗಿಸಿ, "ಅದೇನೋ ಪರೀಕ್ಷೆ ಅಂತ ಕೇಳಿದೆವಲ್ಲ?" ಎಂದರು. ರಾಯರು, "ಮಾಡಬಾರದ್ದನ್ನ ಮಾಡಿದ್ರು. ನಾನು ಬಿಟ್ಟುಕೊಟ್ಟೆ," ಎಂದರು. ಮತ್ತೆ, ಕೇಳದಿದ್ದರೂ, "ಹಿತ್ತಿಲಲ್ಲಿ ನೋಡಿದ ಸರಳು ನನ್ನದಲ್ಲ, ಅವಳದು," ಎಂದು ಸೇರಿಸಿದರು. ಪಟ್ಟಾಭಿರಾಮ ಕಾಫಿ ಬಿಟ್ಟೇ ಎದ್ದರು. ಹೇಳಿದ್ದರಿಂದ ರಾಯರಿಗೇನೂ ಸಮಾಧಾನವಾಗಲಿಲ್ಲ. ಅದನ್ನು ಕೇಳಿಸಿಕೊಳ್ಳಬೇಕಾದವಳು ಆಗ ಮನೆಯಲ್ಲಿರಲಿಲ್ಲ.

ಮಗಳು ಎಲ್ಲವನ್ನೂ ಬಿಟ್ಟುಬಿಟ್ಟಳೆಂದೇ ಅವರು ತಿಳಿದಿದ್ದರು. ನಾಗವೇಣಿ ಒಮ್ಮೆ ಮಾತಿನ ನಡುವೆ ಬಾಯಿ ಜಾರಿ, ಅವಳು ಬೆಳಿಗ್ಗೆ ಹಳೆ ಪೇಟೆಯ ಮಾಂಡವಿಯ ಹತ್ತಿರದ ಒಂದು ವ್ಯಾಯಾಮಶಾಲೆಗೆ ಹೋಗುತ್ತಾಳೆ, ಅಲ್ಲಿ ಹೆಂಗಸರಿಗೆ ಬೇರೆ ಹೊತ್ತಿದೆ ಎಂದರು. ಒಂದು ದಿನ ರಾಯರು ಕೆಲಸಕ್ಕೆ ಹೋಗುವ ಮುನ್ನ ಆ ದಾರಿ ಹಿಡಿದರು. ತೆರೆದ ಬಾಗಿಲಿನಿಂದ ಊರ್ಮಿಳಾ ಕಂಡಳು. ಭುಜದ ಮೇಲೆ ಅವರು ಎಂದೂ ಹೊರಿಸದಷ್ಟು ಭಾರ. ನಿಧಾನವಾಗಿ ಕೂತಳು, ಸಿಡಿದು ಎದ್ದಳು. ಬಿಲ್ಲೆಗಳು ಘಣ್ ಎಂದವು. ಬೆನ್ನು ಒಂದಿಷ್ಟೂ ಬಾಗಿರಲಿಲ್ಲ.

ಅವಳು ಅವರನ್ನು ನೋಡಿ, ಸರಳನ್ನಿಟ್ಟು ಹೊರಗೆ ಬಂದಳು.

"ನಾನು ಬಿಟ್ಟಿಲ್ಲ," ಎಂದಳು. "ನನಗೆ ಇದು ಇಷ್ಟ ಅಪ್ಪ. ನನ್ನ ಕಾಲು ನನಗೆ ಇಷ್ಟ. ಅವತ್ತು ಆ ಕೋಣೇಲಿ ಸ್ವಲ್ಪ ಹೊತ್ತು ಇಷ್ಟ ಆಗ್ಲಿಲ್ಲ. ಅಷ್ಟೇ."

"ನಂದು ತಪ್ಪಾಯ್ತು ಊರ್ಮಿ."

"ಗೊತ್ತು."

"ನಾನು ಅವರ ಜೊತೆ ಜಗಳ ಆಡಬೇಕಿತ್ತು."

"ಜಗಳ ಬೇಡಾಗಿತ್ತು." ಅವಳು ಸೆರಗಿಲ್ಲದ ಭುಜವನ್ನು ಟವೆಲ್ಲಿನಿಂದ ಒರೆಸಿಕೊಂಡಳು. "ನನ್ನನ್ನ ಒಂದು ಮಾತು ಕೇಳಬೇಕಿತ್ತು. ನೀವು ಹೂಂ ಅಂದು ಆಮೇಲೆ ನನ್ನ ಕಡೆ ನೋಡಿದ್ರಿ. ಇಲ್ಲಿಗೆ ಬರಬೇಡಿ ಇನ್ನು. ನೀವು ನೋಡ್ತಾ ಇದ್ರೆ ನನಗೆ ಕಪ್ಪು ನೆನಪಾಗುತ್ತೆ."

ರಾಯರು ತಲೆ ತಗ್ಗಿಸಿ ವರ್ಕ್‌ಶಾಪಿನ ದಾರಿ ಹಿಡಿದರು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದರು. ಅವಳು ಲೆಕ್ಕ ಬಿಡಿಸಿ ಹೇಳುವವಳ ಹಾಗೆ, ಬೇಸರವಿಲ್ಲದೆ ಹೇಳಿದ್ದಳು.

ಮುಂದಿನ ವರ್ಷದ ಪಂದ್ಯ ಸೂರತ್‌ನಲ್ಲಿ. ಈ ಸಲ ಜೊತೆಗೆ ಹೋದವರು ನಾಗವೇಣಿ, ಗುಜರಾತಿಯಲ್ಲಿ ತರಕಾರಿ ಕೊಳ್ಳುವುದರಾಚೆ ಮಾತು ಬಾರದ ನಾಗವೇಣಿ. ರಾಯರು ಸೈಕಲ್ಲನ್ನು ಸ್ಟೇಷನ್ನಿನವರೆಗೆ ತಳ್ಳಿಕೊಂಡು ಹೋಗಿ, ಗಾರ್ಡಿನ ಡಬ್ಬಿಗೆ ಏರಿಸಿ, ಪ್ಲಾಟ್‌ಫಾರಮ್ಮಿನಲ್ಲೇ ಉಳಿದರು. ರೈಲು ಹೊರಟಾಗ ಕೈ ಎತ್ತಿದರು. ಊರ್ಮಿಳಾ ತಲೆಯಾಡಿಸಿದಳು.

ಅವರು ಮರಳಿ ಬಂದ ಸಂಜೆ ನಾಗವೇಣಿ ಕಾಲು ಚಾಚಿ ಕೂತು ನಡೆದದ್ದನ್ನು ಹೇಳಿದರು. ಅಲ್ಲಿಯೂ ಹೆಂಗಸರೆಲ್ಲ ಡಾಕ್ಟರ ಮುಂದೆ ಹೋಗಿ ಬರಬೇಕೆಂದರಂತೆ. ಊರ್ಮಿಳಾ ಆಗುವುದಿಲ್ಲ ಎಂದಳಂತೆ. ಅವಳ ಪಕ್ಕ ಹಂಸಾ ಬಂದು ನಿಂತು ತಾನೂ ಹೋಗುವುದಿಲ್ಲ ಎಂದಳಂತೆ. ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ಒಲ್ಲೆವೆಂದು ಹಿಂದೆ ಸರಿದರಂತೆ. ಹೆಂಗಸರ ರೇಸೇ ರದ್ದಾಯಿತು.

"ಇಷ್ಟು ದೂರ ಹೋಗಿ ಸುಮ್ಮನೆ ಬಂದಿರಾ?" ಎಂದರು ರಾಯರು.

"ಯಾರು ಹೇಳಿದ್ದು? ಇವತ್ತು ಬೆಳಿಗ್ಗೆ ಡುಮಸ್ ರಸ್ತೇಲಿ ಇಬ್ಬರೂ ಓಡಿಸಿದ್ರು. ಎತ್ತಿನ ಗಾಡಿಗಳು ಬರೋಕೆ ಮುಂಚೆ. ಒಂದು ಬೇವಿನ ಮರದ ಹತ್ತಿರ ನನ್ನನ್ನ ನಿಲ್ಲಿಸಿ, ಯಾರ ಚಕ್ರ ಮೊದಲು ಬರುತ್ತೋ ನೋಡು ಅಂದ್ರು. ನನಗೆ ಎದೆ ಡವಡವ." ನಾಗವೇಣಿಯ ಮುಖ ಅರಳಿತ್ತು. "ಏನು ಬರ್ತಾರೆ ಅಂತೀರಿ ಆ ಹುಡುಗಿಯರು! ನಾನು ಇದುವರೆಗೂ ನೋಡೇ ಇರಲಿಲ್ಲ."

"ಯಾರು ಗೆದ್ದರು?"

ನಾಗವೇಣಿ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. "ಅವಳನ್ನೇ ಕೇಳಿ."

ಊರ್ಮಿಳಾ ಹಿತ್ತಿಲಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಸರಪಳಿಯ ಮಣ್ಣು ಒರೆಸುತ್ತಿದ್ದಳು. ರಾಯರು ಬಾಗಿಲ ಹತ್ತಿರ ನಿಂತರು. ಮಗಳೊಡನೆ ಅವರು ಊಟ ತಿಂಡಿಯ ಮಾತು ಬಿಟ್ಟು ಬೇರೆ ಆಡದೆ ಎಷ್ಟೋ ತಿಂಗಳಾಗಿತ್ತು.

"ಕೇಳಬಹುದಾ?" ಎಂದರು.

"ಕೇಳಿ."

"ಡುಮಸ್‌ನಲ್ಲಿ..."

"ಹಂಸಾ," ಎಂದಳು ಕೈ ನಿಲ್ಲಿಸದೆ. "ಅರ್ಧ ಚಕ್ರದ ಅಂತರದಲ್ಲಿ. ನಾನು ಸೀಟಿಂದ ಏಳೋದು ತಡವಾಯ್ತು. ಕಾಲಲ್ಲಿ ಬಲ ಇತ್ತು. ಯಾಕೆ ತಡವಾಯ್ತೋ ಗೊತ್ತಿಲ್ಲ."

ರಾಯರ ತುದಿನಾಲಿಗೆಗೆ ಹತ್ತು ಕಾರಣಗಳು ಬಂದವು. ಗಾಳಿ ಎದುರಿತ್ತೇ, ಗೇರು ಯಾವುದು, ಹಂಸಾ ಯಾವ ಬದಿಯಲ್ಲಿದ್ದಳು. ಅಲ್ಲಿ ನಿಂತು ನೋಡಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು.

"ನಾನು ನೋಡಿಲ್ಲವಲ್ಲ," ಎಂದರು. "ಹೇಗೆ ಹೇಳಲಿ."

"ಹೌದು," ಎಂದಳು ಊರ್ಮಿಳಾ. ಪೆಡಲನ್ನು ಕೈಯಿಂದ ತಿರುಗಿಸಿ ಸರಪಳಿಯ ಮುಂದಿನ ಭಾಗವನ್ನು ಎಳೆದುಕೊಂಡು ಒರೆಸತೊಡಗಿದಳು. ರಾಯರು ಒಳಗೆ ಹೋಗಲೂ ಆಗದೆ, ಹತ್ತಿರ ಬರಲೂ ಆಗದೆ, ಕತ್ತಲಾಗುವವರೆಗೆ ಬಾಗಿಲಲ್ಲೇ ನಿಂತಿದ್ದರು.